ಒಂದು ಬಾಲು, ಒಂದು ಗಾಡಿ

ನನ್ನ ಸೋದರಮಾವನಿಗೆ 74 ವರ್ಷ. ಕಣ್ಣಿನ ಪೊರೆ ತೆಗೆಸಿ ಒಂದೂವರೆ ತಿಂಗಳಾಗಿತ್ತು. ಇನ್ನು ಹೊರಗೆ ಓಡಾಡಬಹುದು ಅಂತ ಡಾಕ್ಟರು ಹೇಳಿದ್ದೇ ತಡ, ಮನೆಯಲ್ಲಿ ಒಂದೇ ರಾಗ ಶುರುವಾಯಿತು. ‘ಒಂದ್ಸಲ ನಮ್ಮ ಲೈನು ನೋಡ್ಕೊಂಡು ಬರೋಣ ಕಣಮ್ಮ.’ ಬೇರೆಯವರ ಮಾವಂದಿರು ಕಣ್ಣು ಸರಿಹೋದ ಮೇಲೆ ತಿರುಪತಿಗೆ ಹೋಗ್ತೀನಿ ಅಂತಾರೆ. ನಮ್ಮ ಮಾವನಿಗೆ ಆನೇಕಲ್ ರೋಡ್ ಸ್ಟೇಷನ್.

ಮಾವ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್, ಅಂದರೆ ಗಾಡಿ ಹಳಿ ಬದಲಿಸುವ ‘ಪಾಯಿಂಟು’ ನೋಡಿಕೊಳ್ಳುವವರು, ಆಗಿದ್ದರು. ಬೆಂಗಳೂರಿನಿಂದ ಹೊಸೂರಿನ ಕಡೆ ಹೋಗುವ ಲೈನಿನ ಸಣ್ಣ ಸಣ್ಣ ಸ್ಟೇಷನ್‌ಗಳಲ್ಲೇ ಅವರ ಅರ್ಧ ಸರ್ವಿಸು ಕಳೆಯಿತು. ಗಡಿಯ ಈಚೆ ಒಂದಷ್ಟು ವರ್ಷ, ಆಚೆ ಒಂದಷ್ಟು ವರ್ಷ. ಹಾಗಾಗಿ ಅವರ ಭಾಷೆ ಒಂಥರಾ ಚಿತ್ರಾನ್ನ. ತೆಲುಗಿನಲ್ಲಿ ಕುಶಲ ಕೇಳುತ್ತಾರೆ, ತಮಿಳಿನಲ್ಲಿ ಬೈಯುತ್ತಾರೆ, ಲೆಕ್ಕ ಮಾತ್ರ ಕನ್ನಡದಲ್ಲಿ.

ಒಂದು ಶನಿವಾರ ಬೆಳಿಗ್ಗೆ ಇಬ್ಬರೂ ಬೈಯಪ್ಪನಹಳ್ಳಿಯಲ್ಲಿ ಮೆಮು (ಹತ್ತಿರದ ಊರುಗಳಿಗೆ ಓಡುವ ಕರೆಂಟು ರೈಲು) ಹತ್ತಿದೆವು. ಟಿಕೆಟ್ಟು ತಲೆಗೆ ಹತ್ತು ರೂಪಾಯಿ. ಆ ತೆಳು ಕಾಗದವನ್ನು ಮಾವ ಹೊಸ ಕಣ್ಣಿನಿಂದ ತಿರುಗಿಸಿ ತಿರುಗಿಸಿ ನೋಡಿದರು. ‘ಇದೇನು ಟಿಕೆಟ್ಟಾ, ಅಂಗಡಿ ಬಿಲ್ಲಾ?’ ಅವರ ಕಾಲದ ಟಿಕೆಟ್ಟು ಗಟ್ಟಿ ರಟ್ಟಿನದು, ಎರಡು ಬೆರಳಗಲ. ಮೆಷಿನ್ನಿಗೆ ತೂರಿಸಿದರೆ ಟಕ್ ಅಂತ ತಾರೀಕು ಒತ್ತುತ್ತಿತ್ತು. ಚಿಕ್ಕವಳಿದ್ದಾಗ ಅಂಥ ಹಳೇ ಟಿಕೆಟ್ಟುಗಳನ್ನು ಮಾವನಿಂದ ಇಸಕೊಂಡು ಬಂದು ಬಚ್ಚಾ ಆಡುತ್ತಿದ್ದದ್ದು ನನಗೂ ನೆನಪಿದೆ.

ಬೆಳ್ಳಂದೂರು ರೋಡ್, ಕಾರ್ಮೆಲರಾಂ, ಹೀಲಲಿಗೆ. ಮೊದಲೆರಡು ಕಡೆ ಬ್ಯಾಗು ಬೆನ್ನಿಗೇರಿಸಿದ ಐಟಿ ಹುಡುಗರು ಇಳಿದರು. ಹೀಲಲಿಗೆಯಲ್ಲಿ ಚಂದಾಪುರದ ಕಡೆಯವರು. ಅಪಾರ್ಟ್‌ಮೆಂಟುಗಳು ಮುಗಿದವು ಅನ್ನುವಷ್ಟರಲ್ಲಿ ಮತ್ತೆ ಶುರುವಾಗುತ್ತವೆ. ನಡುವೆ ಅಲ್ಲೊಂದು ನೀಲಗಿರಿ ತೋಪು, ಇಲ್ಲೊಂದು ರಾಗಿ ಹೊಲ. ‘ಇಲ್ಲೆಲ್ಲ ರಾತ್ರಿ ಹೊತ್ತು ನರಿ ಕೂಗ್ತಿದ್ವು’ ಅಂದರು ಮಾವ. ಎದುರು ಕೂತಿದ್ದ ಹುಡುಗ ಇಯರ್‌ಫೋನ್ ತೆಗೆದು ಕಿಟಕಿ ಆಚೆ ನೋಡಿದ. ಆಚೆ ಈಜುಕೊಳದ ಜಾಹೀರಾತು ಕಾಣುತ್ತಿತ್ತು.

ಆನೇಕಲ್ ರೋಡ್ ಅನ್ನುವ ಹೆಸರೇ ತಮಾಷೆ. ರೈಲ್ವೆಯವರು ಊರಿನ ಹೆಸರಿನ ಮುಂದೆ ‘ರೋಡ್’ ಅಂತ ಸೇರಿಸಿದರೆ, ಊರು ಇಲ್ಲಿಲ್ಲ, ರೋಡು ಹಿಡಿದು ಹೋಗಿ ಅಂತ ಅರ್ಥ. ಆನೇಕಲ್ಲಿಗೆ ಅಂತ ಇಳಿದವರು ಆಟೋ ನೋಡಿಕೊಳ್ಳಬೇಕು. (ನಮ್ಮ ಅಜ್ಜಿ ಆಲಿಕಲ್ಲಿಗೆ ಆನೆಕಲ್ಲು ಅನ್ನುತ್ತಿದ್ದರು. ಚಿಕ್ಕಂದಿನಲ್ಲಿ ಅದೂ ಇದೂ ಒಂದೇ ಅಂದುಕೊಂಡಿದ್ದೆ. ಮಾವ ಆಲಿಕಲ್ಲು ಬೀಳುವ ಊರಿನಲ್ಲಿ ಕೆಲಸ ಮಾಡುತ್ತಾರೆ ಅಂತ ಸ್ಕೂಲಿನಲ್ಲಿ ಜಂಬ ಬೇರೆ.)

ಇಳಿದ ತಕ್ಷಣ ಮಾವ ಮಾಡಿದ ಮೊದಲ ಕೆಲಸ, ಹಳದಿ ಬೋರ್ಡಿನ ಹತ್ತಿರ ಹೋಗಿ ನಿಂತದ್ದು. ಕನ್ನಡ, ಹಿಂದಿ, ಇಂಗ್ಲಿಷು. ಕೆಳಗೆ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅನ್ನುವ ಅಂಕಿ. ಒಂದೊಂದೇ ಅಕ್ಷರ ಓದಿದರು. ‘ಕಾಣ್ತದೆ, ಕಾಣ್ತದೆ’ ಅಂದರು. ಕಣ್ಣಾಸ್ಪತ್ರೆಯ ಅಕ್ಷರದ ಪಟದ ಮುಂದೆ ಕೂಡ ಅವರು ಇಷ್ಟು ಖುಷಿಪಟ್ಟಿರಲಿಲ್ಲ.

ಈ ಲೈನು ಹಿಡಿದು ಇನ್ನು ಸ್ವಲ್ಪ ಹೋದರೆ ತಮಿಳುನಾಡು. ಹೊಸೂರಿನಲ್ಲಿ ಬೋರ್ಡಿನ ಮೇಲೆ ತಮಿಳು ಬರುತ್ತದೆ. ಆದರೆ ರೈಲ್ವೆಗೆ ಈ ಗಡಿ ಲೆಕ್ಕಕ್ಕಿಲ್ಲ. ಹೊಸೂರು, ಧರ್ಮಪುರಿ ಎರಡೂ ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೇ ಸೇರಿವೆ. ಆಚೆ ಕೆಲಸ ಮಾಡಿದಾಗಲೂ ಮಾವನ ಸಂಬಳ ಬರುತ್ತಿದ್ದದ್ದು ಬೆಂಗಳೂರಿನಿಂದ. ಕಾವೇರಿ ಗಲಾಟೆಯಾಗಿ ಅತ್ತಿಬೆಲೆಯಲ್ಲಿ ಬಸ್ಸುಗಳು ನಿಂತಾಗ, ಆಚೆ ಈಚೆಯ ಜನ ಹಳಿ ಹಿಡಿದು ನಡೆದು ಬರುತ್ತಿದ್ದರಂತೆ. ‘ಹಳಿಗೆ ಗಡಿ ಇಲ್ಲ ನೋಡು’ ಅಂತ ಮಾವ ಹೇಳಿದರೆ ಒಪ್ಪಿಕೊಳ್ಳಬೇಕು ಅನ್ನಿಸುತ್ತದೆ. ನಾನು ಅಲ್ಲೇ ಒಪ್ಪಲಿಲ್ಲ.

ಯಾಕೆಂದರೆ ಈ ಕಡೆಯ ರೈಲಿನ ಚರಿತ್ರೆಯೇ ಬೇರೆ ಕಥೆ ಹೇಳುತ್ತದೆ. ಹೊಸೂರಿಗೆ ಮೊದಲ ರೈಲು ಬಂದದ್ದು ಬೆಂಗಳೂರಿನಿಂದ ಅಲ್ಲ. ಆಗ ಹೊಸೂರು ಮದ್ರಾಸ್ ಪ್ರಾಂತ್ಯದ ಸೇಲಂ ಜಿಲ್ಲೆಯಲ್ಲಿತ್ತು, ಬೆಂಗಳೂರಿನ ಸುತ್ತಮುತ್ತ ಮೈಸೂರು ಸಂಸ್ಥಾನ. 1906ರಲ್ಲಿ ಮೊರಪ್ಪೂರಿನಿಂದ ಧರ್ಮಪುರಿಗೆ ಎರಡೂವರೆ ಅಡಿಯ ನ್ಯಾರೋಗೇಜ್ ಹಳಿ ಹಾಕಿದರು. ಅದು ಧರ್ಮಪುರಿಯಿಂದ ಘಟ್ಟ ಹತ್ತಿ 1913ರಲ್ಲಿ ಹೊಸೂರು ಮುಟ್ಟಿತು. ಬೆಂಗಳೂರು ಇನ್ನೇನು ಕೈಗೆ ಸಿಕ್ಕಿತು ಅನ್ನುವಲ್ಲಿ ನಿಂತೇಬಿಟ್ಟಿತು. ಒಂದು ದಿನದ ಎತ್ತಿನ ಗಾಡಿಯ ದಾರಿ ಇರುವಾಗ, ರೈಲಿನಲ್ಲಿ ಬೆಂಗಳೂರಿಗೆ ಹೋಗಬೇಕು ಅಂದರೆ ಹಿಂದಕ್ಕೆ ಮೊರಪ್ಪೂರಿಗೆ ಹೋಗಿ ಜೋಲಾರಪೇಟೆ ಸುತ್ತಿ ಬರಬೇಕು. ಯಾರು ಹೋಗುತ್ತಾರೆ? 1941ರಲ್ಲಿ, ಯುದ್ಧದ ಹೊತ್ತಿನಲ್ಲಿ, ಆ ಲೈನನ್ನು ಮುಚ್ಚಿ ಹಳಿ ಕಿತ್ತರು.

ಆಮೇಲೆ 1960ರ ದಶಕದಲ್ಲಿ ಸೇಲಂ–ಬೆಂಗಳೂರು ಮೀಟರ್‌ಗೇಜ್ ಬಂತು. ಆಗ ಮೊದಲ ಸಲ ಹೊಸೂರಿನ ಕಡೆ ಹಳಿ ಗಡಿ ದಾಟಿತು. ಮಾವ ಕೆಲಸಕ್ಕೆ ಸೇರಿದ್ದು ಆ ಮೀಟರ್‌ಗೇಜಿನ ಕಾಲದಲ್ಲಿ. 1990ರ ದಶಕದಲ್ಲಿ ಅದನ್ನೂ ಕಿತ್ತು ಬ್ರಾಡ್‌ಗೇಜ್ ಮಾಡಿದರು. ಈಗ ಮೇಲೆ ಕರೆಂಟಿನ ತಂತಿ, ಪಕ್ಕದಲ್ಲಿ ಡಬ್ಲಿಂಗ್ ಕೆಲಸ.

ಡಬ್ಲಿಂಗ್ ನೋಡಿ ಮಾವ ಹಿಗ್ಗುತ್ತಾರೆ ಅಂದುಕೊಂಡಿದ್ದೆ. ಬೈಯಪ್ಪನಹಳ್ಳಿಯಿಂದ ಹೊಸೂರಿನವರೆಗೆ 48 ಕಿಲೋಮೀಟರ್ ಜೋಡಿ ಹಳಿ. ಜಾಸ್ತಿ ರೈಲು ಬಿಡಬಹುದು, ಒಳ್ಳೆಯದೇ ಅಲ್ವಾ? ಮಾವ ಪ್ಲಾಟ್‌ಫಾರಂ ತುದಿಯಲ್ಲಿ ನಿಂತು ಹೊಸ ಹಳಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಸ್ಟೇಷನ್ ಹೊರಗಿನ ಟೀ ಅಂಗಡಿಗೆ ಕರೆದುಕೊಂಡು ಹೋಗಿ, ಅರ್ಧರ್ಧ ಟೀ ಹೇಳಿ, ಪಾಠ ಶುರು ಮಾಡಿದರು.

‘ಸಿಂಗಲ್ ಲೈನು ಅಂದ್ರೆ ಏನು? ಒಂದೇ ಹಳಿ, ಎರಡೂ ಕಡೆಯಿಂದ ಗಾಡಿ. ಡಿಕ್ಕಿ ಆಗಬಾರದು ಅಂದ್ರೆ?’

‘ಸಿಗ್ನಲ್ ಇರುತ್ತಲ್ಲ ಮಾವ.’

‘ಸಿಗ್ನಲ್ ಆಮೇಲೆ. ಮೊದಲು ಬಾಲು.’

ಎರಡು ಸ್ಟೇಷನ್ನುಗಳಲ್ಲಿ ಒಂದೊಂದು ಕೆಂಪು ಪೆಟ್ಟಿಗೆ. ಒಳಗೆ ಉಕ್ಕಿನ ಬಾಲುಗಳು, ಕ್ರಿಕೆಟ್ ಚೆಂಡಿಗಿಂತ ಸ್ವಲ್ಪ ಚಿಕ್ಕವು. ಎರಡು ಪೆಟ್ಟಿಗೆಗೂ ತಂತಿ ಸಂಬಂಧ. ಈ ಸ್ಟೇಷನ್ ಮಾಸ್ಟರು ಗಂಟೆ ಹೊಡೆದು ಕೇಳಬೇಕು, ಆ ಮಾಸ್ಟರು ಒಪ್ಪಬೇಕು. ಆಗ ಮಾತ್ರ ಹಿಡಿ ತಿರುಗಿ ಒಂದು ಬಾಲು ಹೊರಗೆ ಬೀಳುತ್ತದೆ. ಒಂದು ಬಿದ್ದರೆ ಮುಗಿಯಿತು. ಅದು ಎರಡರಲ್ಲಿ ಒಂದು ಪೆಟ್ಟಿಗೆಗೆ ವಾಪಸು ಹೋಗುವ ತನಕ ಎರಡೂ ಕಡೆ ಇನ್ನೊಂದು ಬಾಲು ಬರುವುದಿಲ್ಲ, ಏನೇ ತಿಪ್ಪರಲಾಗ ಹಾಕಿದರೂ. ಬಾಲು ಕೈಯಲ್ಲಿಲ್ಲದೆ ಡ್ರೈವರು ಮುಂದೆ ಹೋಗುವ ಹಾಗಿಲ್ಲ. ಒಂದು ಬಾಲು, ಒಂದು ಗಾಡಿ.

ಆ ಬಾಲನ್ನು ಚರ್ಮದ ಚೀಲಕ್ಕೆ ಹಾಕಿ, ಚೀಲವನ್ನು ದೊಡ್ಡ ಬೆತ್ತದ ಬಳೆಗೆ ಕಟ್ಟಿ, ಓಡುವ ಗಾಡಿಯ ಡ್ರೈವರಿಗೆ ಕೊಡುವುದು ಮಾವನ ಕೆಲಸ. ಹೇಗೆ ಅಂತ ಬಾಯಲ್ಲಿ ಹೇಳಿ ಅವರಿಗೆ ಸಮಾಧಾನವಾಗಲಿಲ್ಲ. ಅಂಗಡಿಯವರ ಮಗ ಹಳೇ ಸೈಕಲ್ ಟೈರು ಉರುಳಿಸಿಕೊಂಡು ಆಡುತ್ತಿದ್ದ. ‘ಒಂದ್ನಿಮಿಷ ಕೊಡೋ ಮರಿ’ ಅಂತ ಅದನ್ನು ಇಸಕೊಂಡರು. ಬಲಗೈ ಚಾಚಿ, ಮೊಣಕೈ ಸ್ವಲ್ಪ ಮಡಿಸಿ, ಟೈರನ್ನು ಕೆಳಗಿನಿಂದ ಎರಡೇ ಬೆರಳಲ್ಲಿ ಹಿಡಿದರು. ‘ಗಟ್ಟಿ ಹಿಡಿದ್ರೆ ಕೈ ಕಿತ್ಕೊಂಡು ಹೋಗ್ತದೆ. ಹಿಡಿದೂ ಹಿಡಿದಂಗೆ ಇರಬೇಕು. ನೀನು ಇಂಜಿನ್ನು. ಬಾ.’

ನಾನು ಇಂಜಿನ್ನಾಗಿ ಓಡಿಬಂದೆ. ಎಡಗೈಯನ್ನು ಬಳೆಯೊಳಗೆ ತೂರಿಸಬೇಕು, ಅದು ತಾನಾಗಿ ಮೊಣಕೈಗೆ ಬಂದು ಬೀಳಬೇಕು. ಮೊದಲ ಸಲ ಟೈರು ಮುಖಕ್ಕೆ ಬಡಿಯಿತು. ಎರಡನೇ ಸಲ ನಾನೇ ಹೆದರಿ ಪಕ್ಕಕ್ಕೆ ಸರಿದೆ. ಮೂರನೇ ಸಲಕ್ಕೆ ಹುಡುಗ ತಾನೇ ಇಂಜಿನ್ನಾಗ್ತೀನಿ ಅಂತ ಬಂದು, ಒಂದೇ ಏಟಿಗೆ ಟೈರು ಹಾರಿಸಿಕೊಂಡು ಹೋದ.

‘ಇವನು ಪಾಸು’ ಅಂದರು ಮಾವ.

ಬಲ ಮುಂಗೈಯ ಒಳಭಾಗದಲ್ಲಿ ಅವರಿಗೊಂದು ಗುರುತಿದೆ, ಉದ್ದಕ್ಕೆ, ಸುಟ್ಟ ಕಲೆಯ ಹಾಗೆ. ಅದು ಬೆತ್ತ ಉಜ್ಜಿ ಆದದ್ದು ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಇಷ್ಟು ವರ್ಷ ಅಡುಗೆ ಮಾಡುವಾಗ ಆದ ಗಾಯ ಅಂದುಕೊಂಡಿದ್ದೆ. ಬರುವ ಡ್ರೈವರು ತನ್ನ ಹಳೇ ಬಳೆಯನ್ನು ಹಾಗೇ ಎಸೆದು ಹೋಗುತ್ತಿದ್ದನಂತೆ. ಮಳೆಗಾಲದ ರಾತ್ರಿ ಅದು ಲಂಟಾನ ಪೊದೆಗೆ ಬಿದ್ದರೆ, ಕೈದೀಪ ಹಿಡಿದು ಹುಡುಕಬೇಕು. ಬಾಲು ಸಿಗುವ ತನಕ ಆ ಲೈನಿನಲ್ಲಿ ಮುಂದಿನ ಗಾಡಿ ಇಲ್ಲ. ಮಾಸ್ಟರಿಗೆ ಫೋನಿನ ಮೇಲೆ ಫೋನು. ಒಂದು ಎಕ್ಸ್‌ಪ್ರೆಸ್ ತುಂಬ ಜನ ನಿದ್ದೆಯಲ್ಲಿ ಕಾಯುತ್ತಿರುತ್ತಾರೆ, ನಮ್ಮ ಮಾವ ಪೊದೆಯೊಳಗೆ ಕುಕ್ಕರಗಾಲಲ್ಲಿ.

‘ಈಗ ಅರ್ಥ ಆಯ್ತಾ?’ ಅಂದರು ಟೀ ಲೋಟ ಕೆಳಗಿಟ್ಟು. ‘ಸಿಂಗಲ್ ಲೈನಿದ್ದಾಗ ಕ್ರಾಸಿಂಗಿಗೆ, ಅಂದ್ರೆ ಎದುರಿಂದ ಬರೋ ಗಾಡಿಗೆ ದಾರಿ ಬಿಡೋಕೆ ಅಂತ, ಎಂಥ ದೊಡ್ಡ ಗಾಡಿಯೂ ಇಂಥ ಸ್ಟೇಷನ್ನಲ್ಲಿ ಬಂದು ನಿಲ್ಲಲೇಬೇಕಿತ್ತು. ಟೈಮ್ ಟೇಬಲ್ಲಲ್ಲಿ ಸ್ಟಾಪ್ ಇಲ್ಲ. ಆದ್ರೂ ನಿಲ್ತಿತ್ತು. ಜನ ಇಳಿದು ನೀರು ಹಿಡೀತಿದ್ರು. ಕಡಲೆಕಾಯಿ ಮಾರೋರು, ಸೀಬೆಹಣ್ಣು ಮಾರೋರು ಎಲ್ಲ ಇದ್ರು. ಡಬಲ್ ಆದ್ಮೇಲೆ ಕಾಯೋ ಕೆಲಸಾನೇ ಇಲ್ಲ. ಸುಮ್ನೆ ಹೊಡ್ಕೊಂಡು ಹೋಗ್ತಾವೆ.’

ಹಳಿ ಎರಡಾದರೆ ಸ್ಟೇಷನ್ನೂ ಬೆಳೆಯುತ್ತದೆ ಅಂತ ನಾನು ಅಂದುಕೊಂಡಿದ್ದೆ. ಸಣ್ಣ ಸ್ಟೇಷನ್ನು ಬದುಕಿದ್ದು ಬೇರೆಯವರ ಕಾಯುವಿಕೆಯಿಂದ ಅನ್ನುವುದು ನನಗೆ ಹೊಳೆದಿರಲೇ ಇಲ್ಲ. ಆದರೆ ಮಾವನ ಮಾತನ್ನೂ ಪೂರ್ತಿ ಒಪ್ಪಲಾರೆ. ಕಡಲೆಕಾಯಿ ಮಾರುವವರಿಗೋಸ್ಕರ ನೂರಾರು ಜನ ಅರ್ಧ ಗಂಟೆ ಬಿಸಿಲಲ್ಲಿ ಕೂರಬೇಕಾ? ಅವತ್ತು ಕಾಯುತ್ತಿದ್ದವರನ್ನು ಕೇಳಿದ್ದರೆ ಬೇರೆಯೇ ಹೇಳುತ್ತಿದ್ದರು.

ಇನ್ನೊಂದು ವಿಷಯ ನನಗೆ ಕೊರೆಯುತ್ತಿತ್ತು, ಅದನ್ನು ಹೇಳಿದೆ. ಬೆಂಗಳೂರಿಗೆ ಸಬರ್ಬನ್ ರೈಲು ಅಂತ 2020ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ನಾಲ್ಕು ಮಾರ್ಗ, ಒಟ್ಟು 148 ಕಿಲೋಮೀಟರ್. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಚೆಂದದ ಹೂವಿನ ಹೆಸರು ಬೇರೆ. ಅದರಲ್ಲಿ ಕನಕ ಮಾರ್ಗ ರಾಜಾನುಕುಂಟೆಯಿಂದ ಹೀಲಲಿಗೆಗೆ. ಹೀಲಲಿಗೆಗೆ, ಅಷ್ಟೇ. ಹೊಸೂರಿನವರೆಗೆ ಎಳೆಯಿರಿ ಅನ್ನುವ ಬೇಡಿಕೆ ಇದೆ. ಯೋಜನೆಯ ಕಾಗದದಲ್ಲಿ ಮಾತ್ರ ಹೀಲಲಿಗೆಯೇ ಕೊನೆ. ಅಂದರೆ ನೂರು ವರ್ಷದ ಹಿಂದೆ ಆಚೆಯಿಂದ ಬಂದ ರೈಲು ಹೊಸೂರಿಗೆ ಬಂದು ನಿಂತಿತು. ಈಗ ಈಚೆಯಿಂದ ಹೊರಡುವ ರೈಲು ಹೀಲಲಿಗೆಗೆ ಬಂದು ನಿಲ್ಲುತ್ತದೆ. ಎರಡು ಸಲವೂ ನಡುವೆ ಉಳಿದದ್ದು ಇದೇ ಜಾಗ. ದಿನಾ ಹೊಸೂರು ಕಡೆಯಿಂದ ಬೊಮ್ಮಸಂದ್ರ, ಎಲೆಕ್ಟ್ರಾನಿಕ್ಸ್ ಸಿಟಿಗೆ ಕೆಲಸಕ್ಕೆ ಬರುವವರು, ಇಲ್ಲಿಂದ ಹೊಸೂರಿನ ಫ್ಯಾಕ್ಟರಿಗಳಿಗೆ ಹೋಗುವವರು ಎಷ್ಟು ಜನ! ಅವರ ಬದುಕು ಒಂದೇ, ಮಾರ್ಗ ಎರಡು ತುಂಡು.

‘ಹಳಿಗೆ ಗಡಿ ಇಲ್ಲ ಅಂದ್ರಲ್ಲ’ ಅಂತ ಕಾಲೆಳೆದೆ.

ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಹಳಿಗೆ ಇಲ್ಲ. ಫೈಲಿಗೆ ಇರ್ತದೆ’ ಅಂದರು.

ಅವರು ಅಷ್ಟಕ್ಕೇ ಸುಮ್ಮನಾಗಲಿಲ್ಲ. 2015ರ ಫೆಬ್ರವರಿಯ ನೆನಪು ತೆಗೆದರು. ಬೆಂಗಳೂರಿನಿಂದ ಬೆಳಿಗ್ಗೆ ಹೊರಟ ಎರ್ನಾಕುಲಂ ಇಂಟರ್‌ಸಿಟಿ ಆನೇಕಲ್ ಹತ್ತಿರ ಹಳಿ ತಪ್ಪಿ, ಜನ ಸತ್ತರು. ಮಾವ ಆಗಲೇ ರಿಟೈರ್ ಆಗಿದ್ದರು. ಟಿವಿ ನೋಡಿ, ಯಾರದೋ ಬೈಕು ಹತ್ತಿ ಹೋಗಿದ್ದರಂತೆ. ‘ಒಂದು ಡಬ್ಬದೊಳಗೆ ಇನ್ನೊಂದು ಡಬ್ಬ ನುಗ್ಗಿತ್ತು’ ಅಂದರು. ಅದರ ಮುಂದೆ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಅಂಗಡಿಯವರು ಬಿಸಿ ಬೋಂಡ ತಂದಿಟ್ಟರು.

ಆ ಬೋಂಡವೇ ನಮಗೆ ಮುಳುವಾಯಿತು. ವಾಪಸು ಹೋಗುವ ಮೆಮುಗೆ ಇನ್ನೂ ಟೈಮಿದೆ ಅಂತ ಮಾವ. ಹಳೇ ಪಾಯಿಂಟು ಎಲ್ಲಿತ್ತು ಅಂತ ತೋರಿಸುತ್ತೇನೆ ಅಂತ ಗೇಟಿನ ಕಡೆ ನಡೆಸಿಕೊಂಡು ಹೋದರು. ಅಲ್ಲಿ ಯಾರೋ ಗೇಟ್‌ಮನ್ ಪರಿಚಯವಾಗಿ, ಯಾವ ಮಾಸ್ಟರು ಸತ್ತರು, ಯಾರ ಮಗಳಿಗೆ ಮದುವೆಯಾಯಿತು ಅಂತ ತೆಲುಗಿನಲ್ಲಿ ಒಂದು ಸುತ್ತು ಮಾತಾಯಿತು. ಹಾರ್ನ್ ಕೇಳಿಸಿದಾಗ ನಾವು ಪ್ಲಾಟ್‌ಫಾರಮ್ಮಿನಿಂದ ಇನ್ನೂರು ಹೆಜ್ಜೆ ದೂರ. ಕಣ್ಣಿಗೆ ಆಪರೇಷನ್, ಮಂಡಿಗೆ ನೋವು. ಓಡುವ ಮಾತೇ ಇಲ್ಲ. ಮೆಮು ಬಂತು, ನಿಂತಿತು, ನಾಲ್ಕು ಜನರನ್ನು ಇಳಿಸಿತು, ಹೊರಟಿತು.

ಮೂವತ್ತೈದು ವರ್ಷ ರೈಲ್ವೆಯಲ್ಲಿ ದುಡಿದವರು ಬೋಂಡ ತಿಂದು ರೈಲು ತಪ್ಪಿಸಿಕೊಂಡರು. ‘ಮನೇಲಿ ಹೇಳಬೇಡ’ ಅಂದರು. (ಮನೆಯಲ್ಲಿ ಹೇಳಿಲ್ಲ. ಬರೆದಿದ್ದೇನೆ ಅಷ್ಟೇ.)

ಆಟೋ ಹಿಡಿದು ಅತ್ತಿಬೆಲೆಗೆ ಬಂದು ಬಿಎಂಟಿಸಿ ಬಸ್ಸು ಹತ್ತಿದೆವು. ನನಗೆ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ಟು, ಮಾವ ದುಡ್ಡು ಕೊಡಬೇಕಾಯಿತು. ಬರುವಾಗಿನ ಹತ್ತು ರೂಪಾಯಿ ರೈಲು ಟಿಕೆಟ್ಟನ್ನು ಜೇಬಿನಿಂದ ತೆಗೆದು ಪಕ್ಕದಲ್ಲಿಟ್ಟು ಎರಡನ್ನೂ ನೋಡಿ ನಿಟ್ಟುಸಿರು ಬಿಟ್ಟರು. ಚಂದಾಪುರ ಸರ್ಕಲ್ಲಿಗೆ ಬರುವಷ್ಟರಲ್ಲಿ ಬಸ್ಸು ನಿಂತೇಹೋಯಿತು. ಮುಂದೆ ಲಾರಿ, ಹಿಂದೆ ಲಾರಿ, ಅಡ್ಡಕ್ಕೆ ಆನೇಕಲ್ಲಿನಿಂದ ಬಂದ ಟೆಂಪೋ, ಸಂದಿಯಲ್ಲಿ ತೂರಿಕೊಳ್ಳುವ ಸ್ಕೂಟರುಗಳು. ಎಲ್ಲರ ಹಾರ್ನೂ ಒಟ್ಟಿಗೆ. ಇಪ್ಪತ್ತು ನಿಮಿಷವಾದರೂ ಬಸ್ಸು ಕದಲಲಿಲ್ಲ.

ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿ, ಹೊಸ ಕಣ್ಣಿನಿಂದ ಪೂರ್ತಿ ಸರ್ಕಲ್ಲನ್ನು ಒಂದು ಸುತ್ತು ನೋಡಿದರು.

‘ಇಲ್ಲೊಂದು ಪೆಟ್ಟಿಗೆ ಇಡಬೇಕಿತ್ತು ಕಣಮ್ಮ’ ಅಂದರು. ‘ಒಂದೇ ಬಾಲು ಸಾಕು.’