ಬೇಕಲ: ಕಾಸರಗೋಡಿಗಿಂತ ಮೊದಲಿನ ತಾಲೂಕು

ಬೇಕಲಕ್ಕೆ ಹೋದವರು ಸಮುದ್ರ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ಹೊರಡುತ್ತಾರೆ. ನನಗೆ ನೋಡಬೇಕಿದ್ದದ್ದು ಇನ್ನೊಂದು ಬೇಕಲ. ಕಾಸರಗೋಡಿಗಿಂತ ಮೊದಲು ತಾಲೂಕು ಕೇಂದ್ರವಾಗಿದ್ದ ಊರು ಅದು.

ಬದಿಯಡ್ಕದ ಭಾವನೂ ಜೊತೆಗೆ ಬಂದರು. ಕಾಸರಗೋಡಿನಲ್ಲಿ ಕಾಞಂಗಾಡು ಬಸ್ಸು ಹತ್ತಿ, ಚಂದ್ರಗಿರಿ ಸೇತುವೆ ದಾಟಿ ಹೋದೆವು. ಕೋಟೆ ಬಾಗಿಲಲ್ಲೇ ಆಂಜನೇಯನ ಗುಡಿ. ಅಲ್ಲಿಂದ ದಾರಿ ನೇರವಾಗಿ ಒಳಗೆ ಬಿಡುವುದಿಲ್ಲ, ಒಮ್ಮೆ ಆಚೆ ಒಮ್ಮೆ ಈಚೆ ತಿರುಗಿಸುತ್ತದೆ. ದಾಳಿಗೆ ಬಂದವರು ಒಂದೇ ಓಟಕ್ಕೆ ನುಗ್ಗಬಾರದಲ್ವಾ! ಗೋಡೆಯೆಲ್ಲ ಮುರಕಲ್ಲು. ಮಳೆ ತಿಂದು ತಿಂದು ತೂತಾದ ಕಡೆ ಪಾಚಿ ಹಿಡಿದಿದೆ, ಬೆರಳು ಇಟ್ಟರೆ ಕೆಂಪು ಅಂಟುತ್ತದೆ. ಒಳಗೆ ಸುಮಾರು 40 ಎಕರೆ ಜಾಗ. ನಡುವೆ ಟಿಪ್ಪು ಕಾಲದ್ದು ಅನ್ನುವ ಕಾವಲು ಬುರುಜು. ಅದರ ಅಗಲವಾದ ಇಳಿಜಾರು ಹತ್ತಿ ನಿಂತರೆ ಕಡಲೂ ಊರೂ ಎರಡೂ ಕಣ್ಣಳತೆಯಲ್ಲಿ.

ಕೋಟೆ ಕಟ್ಟಿಸಿದ್ದು 17ನೇ ಶತಮಾನದಲ್ಲಿ, ಕೆಳದಿಯ ಶಿವಪ್ಪ ನಾಯಕ. 1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರು ಹೈದರಾಲಿಗೆ ಸೋತ ಮೇಲೆ ಇದೂ ಮೈಸೂರಿನ ಕೈಗೆ ಬಂತು. 1799ರಲ್ಲಿ ಟಿಪ್ಪು ಸತ್ತ, ಕಂಪನಿ ಬಂತು, ಥಾಮಸ್ ಮನ್ರೋ ಕರಾವಳಿಯ ಕೆನರಾ ಜಿಲ್ಲೆಯ ಮೊದಲ ಕಲೆಕ್ಟರ್ ಆದ. ಕಂಪನಿ ಆಡಳಿತದಲ್ಲಿ ಬೇಕಲ ತಾಲೂಕು ಹುಟ್ಟಿತು. ಫಿರಂಗಿಗೆಂದು ಕಟ್ಟಿದ ಜಾಗಕ್ಕೆ ಲೆಕ್ಕಪುಸ್ತಕ ಬಂತು. ನನಗೆ ಈ ಕೋಟೆಯಲ್ಲಿ ತುಂಬ ಹಿಡಿಸುವುದು ಇದೇ.

ಆಮೇಲೆ ಕೆನರಾ ಎರಡಾಯಿತು. 1862ರಲ್ಲಿ ಉತ್ತರದ್ದು ಬೊಂಬಾಯಿಗೆ ಹೋಯಿತು, ದಕ್ಷಿಣದ್ದು ಮದರಾಸಿನಲ್ಲೇ ಉಳಿಯಿತು. ಆಗ ಬೇಕಲ ತಾಲೂಕಿನ ಬದಲು ಕಾಸರಗೋಡು ತಾಲೂಕು ಬಂತು.

ಬುರುಜಿನ ನೆರಳಲ್ಲಿ ಕೂತು ಭಾವ ಮನೆಯ ಹಳೇ ಕಾಗದಪತ್ರದ ವಿಷಯ ತೆಗೆದರು. ಶಾನುಭೋಗರು, ಪಟೇಲರು, ಉಗ್ರಾಣಿ, ತೀರ್ವೆ (ಭೂಕಂದಾಯ) ರಶೀದಿ, ಎಲ್ಲವೂ ಕನ್ನಡದಲ್ಲಿ. ವರ್ಗದ ಜಾಗಕ್ಕೆ, ಅಂದರೆ ಸ್ವಂತ ಹಿಡುವಳಿಗೆ, ತಾಗಿ 100 ಗಜದವರೆಗಿನ ಸರಕಾರಿ ಜಾಗವಾದ ಕುಮ್ಕಿಯಲ್ಲಿ ಸೊಪ್ಪು, ಸೌದೆಗೆ ಹಕ್ಕು. "ನಮ್ಮ ಅಜ್ಜ ಇದನ್ನೆಲ್ಲ ತಾನೇ ಓದಿ ತಿಳಿದುಕೊಳ್ಳುತ್ತಿದ್ದರು. ಈಗ ಮಕ್ಕಳಿಗೆ ಕಚೇರಿಯ ಕಾಗದ ನಾನೇ ಓದಿ ಹೇಳಬೇಕು, ಅದೂ ಮಲಯಾಳದ್ದು" ಅಂದರು. ಈ ಬೇಜಾರು ಗಡಿಯ ಕನ್ನಡ ಮನೆಗಳಲ್ಲಿ ಇವತ್ತಿಗೂ ಇದೆ. ಅದನ್ನು ಹಳೇ ಕಾಲದ ಜಗಳ ಅಂತ ತಳ್ಳಿಹಾಕುವುದು ಸರಿಯಲ್ಲ.

1956ರ ನವೆಂಬರ್ 1ಕ್ಕೆ ತಾಲೂಕು ಕೇರಳಕ್ಕೆ ಸೇರಿತು. ಮರುವರ್ಷವೇ ದಕ್ಷಿಣದ ಭಾಗ ಹೊಸದುರ್ಗ ತಾಲೂಕಾಯಿತು. ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ.

ವಾಪಸ್ ಬರುವಾಗ ಚಂದ್ರಗಿರಿ ಕೋಟೆಗೂ ಹತ್ತಿದೆವು. ಕೆಳಗೆ ಹೊಳೆ. ಹೊಳೆಯ ಉತ್ತರದ ಊರುಗಳು ಮೈಸೂರಿಗೆ ಸೇರಬೇಕು ಅಂತ 1967ರಲ್ಲಿ ಮಹಾಜನ ಆಯೋಗ ಹೇಳಿತ್ತು. ಅದು ಜಾರಿಗೆ ಬರಲಿಲ್ಲ. ಬಂದಿದ್ದರೂ ಹೊಳೆಯ ದಕ್ಷಿಣದ ಬೇಕಲ ಕೇರಳದಲ್ಲೇ ಉಳಿಯುತ್ತಿತ್ತು, ಉತ್ತರದ ಬದಿಯಡ್ಕದಲ್ಲಿರುವ ಭಾವನ ಮನೆ ಕರ್ನಾಟಕದಲ್ಲಿರುತ್ತಿತ್ತು.