ಚೆನ್ನಾಗಿ ತೆಗೀರಿ, ಮುಂದಿನ ವರ್ಷ ಇರಲ್ಲ

ಶನಿವಾರ ಕ್ಯಾಲಿಫೋರ್ನಿಯಾದ ಮರೀನಾ ಬೀಚಿಗೆ ಹೋಗಿದ್ದೇ ಐಸ್ ಪ್ಲಾಂಟ್ ಹೂವಿನ ಫೋಟೋಕ್ಕೆ. ಮರಳಿನ ದಿಬ್ಬದ ತುಂಬ ಅದೇ. ಬೆರಳು ದಪ್ಪದ ಮೂರು ಮೂಲೆಯ ಎಲೆ, ಅಂಚು ಕೆಂಪು. ಹೂವು ಅರಳಿದಾಗ ತಿಳಿ ಹಳದಿ, ಬಾಡುತ್ತಾ ಬಂದರೆ ಗುಲಾಬಿ. ಬಿಸಿಲೇರದೆ ಬಿಚ್ಚಿಕೊಳ್ಳಲ್ಲ, ಮಹಾ ಸೋಮಾರಿ. ಮಂಜು ಕರಗೋವರೆಗೂ ಕಾದು, ಮರಳಲ್ಲಿ ಬೋರಲು ಮಲಗಿ ಕ್ಯಾಮೆರಾ ಹಿಡಿದಿದ್ದೆ.

ಪಕ್ಕದಲ್ಲೇ ಒಬ್ಬ ಅಜ್ಜಿ ಅದನ್ನು ಕಿತ್ತು ಕಿತ್ತು ಚೀಲಕ್ಕೆ ತುಂಬುತ್ತಿದ್ದರು. ನನ್ನನ್ನು ನೋಡಿ, "ಚೆನ್ನಾಗಿ ತೆಗೀರಿ, ಮುಂದಿನ ವರ್ಷ ಇಲ್ಲಿ ಇರಲ್ಲ" ಅಂದರು. ನಗುನಗುತ್ತಲೇ ಅಂದರು. ವಾರವಿಡೀ ಪಾತ್ರೆ ತೊಳೆಯುವಾಗಲೂ ಅದೇ ಮಾತು ಕಿವಿಯಲ್ಲಿ.

ಕಿತ್ತಿದ್ದನ್ನು ಅಲ್ಲೇ ಬಿಸಾಕಬಾರದಾ ಅಂತ ಕೇಳಿದೆ. ಒಂದು ತುಂಡು ಎತ್ತಿ ಗೆಣ್ಣು ತೋರಿಸಿದರು. ಬಿಳಿ ಎಳೆ ಬೇರು ಆಗಲೇ ಇಣುಕುತ್ತಿತ್ತು. ಬಿದ್ದಲ್ಲೇ ಮತ್ತೆ ಊರಿಕೊಳ್ಳುತ್ತದಂತೆ.

ಇದರ ತವರು ದಕ್ಷಿಣ ಆಫ್ರಿಕಾ. ಕಳೆದ ಶತಮಾನದ ಶುರುವಿನಲ್ಲಿ ರೈಲು ಹಳಿ ಪಕ್ಕದ ಮಣ್ಣು ಜಾರದಿರಲಿ ಅಂತ ಇಲ್ಲಿ ನೆಟ್ಟರು. ಹೆದ್ದಾರಿ ಬದಿಯಲ್ಲಂತೂ 1970ರ ದಶಕದವರೆಗೂ ನೆಟ್ಟಿದ್ದೇ ನೆಟ್ಟಿದ್ದು. ಈಗ ಇಲ್ಲಿನ ಬಕ್‌ವೀಟ್ ಗಿಡಕ್ಕೇ ಕಾಲಿಡಲು ಜಾಗವಿಲ್ಲ. ಆ ಗಿಡವನ್ನೇ ನೆಚ್ಚಿಕೊಂಡ ಸ್ಮಿತ್ಸ್ ಬ್ಲೂ ಅನ್ನೋ ಪುಟ್ಟ ಚಿಟ್ಟೆ 1976ರಿಂದ ಅಳಿವಿನಂಚಿನ ಪಟ್ಟಿಯಲ್ಲಿದೆ. ನೆಟ್ಟವರು ಸಂಬಳ ಎಣಿಸಿಕೊಂಡು ಹೋದರು, ಕೀಳೋಕೆ ಸಂಬಳವಿಲ್ಲದ ಅಜ್ಜಿ.

ಮನೆಯಲ್ಲಿ ಹೇಳಿದರೆ ನಮ್ಮವರು, "ನಾವೂ ಹೊರಗಿನವರೇ ಅಲ್ವಾ? ನಾಳೆ ನಮ್ಮನ್ನೂ ಕೀಳ್ತಾರೆ ಬಿಡು" ಅಂತ ನಕ್ಕರು. ಈ ಜೋಕು ನನಗೆ ಒಂಚೂರೂ ಹಿಡಿಸಲಿಲ್ಲ. ಗಿಡಕ್ಕೂ ಮನುಷ್ಯರಿಗೂ ಹೀಗೆ ಗಂಟು ಹಾಕಿದರೆ ಅಜ್ಜಿ ಮಾಡುತ್ತಿದ್ದದ್ದು ದ್ವೇಷದ ಕೆಲಸ ಅನ್ನಿಸಿಬಿಡುತ್ತದೆ. ಅವರು ಕೀಳುತ್ತಿದ್ದದ್ದು ಚಿಟ್ಟೆಗೆ ಜಾಗ ಬಿಡಿಸೋಕೆ. ಹೂವು ಚಂದ ಅನ್ನೋದನ್ನೂ ಒಪ್ಪಿಕೊಂಡೇ ಕೀಳುತ್ತಿದ್ದರು. ಅದೇ ನನ್ನನ್ನು ಕಾಡಿದ್ದು.

ನಮ್ಮ ಬಂಡೀಪುರದ ಲಂಟಾನದ ಕಥೆಯೂ ಇದೇ ತಾನೆ? ತೋಟದ ಅಂದಕ್ಕೆ ಅಂತ ದೇಶಕ್ಕೆ ಬಂದದ್ದು, ಈಗ ಜಿಂಕೆ ಮೇಯೋ ಹುಲ್ಲಿನ ಜಾಗ ನುಂಗುತ್ತಿದೆ. ಅಲ್ಲಿ ಯಾರಾದರೂ ಎದೆ ತಟ್ಟಿ "ಮುಂದಿನ ವರ್ಷ ಇರಲ್ಲ" ಅನ್ನಬಲ್ಲರಾ? ಅಷ್ಟು ಹಬ್ಬಿದೆ. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ ಹೆಣೆಯುತ್ತಾರೆ. ಊರಿಗೆ ಹೋದಾಗ ಒಂದು ತರೋಣ ಅಂದೆ. ನಮ್ಮವರು ಆಗಲೇ ಲಗೇಜ್ ತೂಕದ ಲೆಕ್ಕ ಶುರು ಮಾಡಿದ್ದಾರೆ.