ಹೋಗುವಾಗ ಎಂಟು, ಬರುವಾಗ ಹತ್ತು

ತಂಗಿ ತನ್ನ ಟೋಕಿಯೋ ಟಿಕೆಟ್ ನೋಡಲು ಕಳಿಸಿದ್ದಾಳೆ. ಬೆಂಗಳೂರಿಂದ ಅಲ್ಲಿನ ನರಿತಾ ವಿಮಾನ ನಿಲ್ದಾಣಕ್ಕೆ ನೇರ ವಿಮಾನ. ಹೋಗುವಾಗ ಸುಮಾರು 8 ಗಂಟೆ, ಬರುವಾಗ ಹತ್ತಿರ ಹತ್ತಿರ 10. ದೂರ ಮಾತ್ರ ಅದೇ ಅಲ್ವಾ, ಸುಮಾರು 6,700 ಕಿ.ಮೀ.!

ಎಲ್ಲ ಗಾಳಿಯ ಕೆಲಸ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಜಪಾನಿನ ಮೇಲೆ ಗಂಟೆಗೆ 300 ಕಿ.ಮೀ. ದಾಟುವುದೂ ಉಂಟು. ಹೋಗುವಾಗ ಬೆನ್ನಿಗೆ, ಬರುವಾಗ ಎದುರಿಗೆ.

ಇದನ್ನು 1920ರ ದಶಕದಲ್ಲೇ ಬಲೂನು ಹಾರಿಬಿಟ್ಟು ಅಳೆದವರು ಜಪಾನಿನ ಹವಾಮಾನ ವಿಜ್ಞಾನಿ ವಸಾಬುರೊ ಒಇಶಿ. ಲೋಕಕ್ಕೆಲ್ಲ ತಿಳಿಯಲಿ ಅಂತ ಎಸ್ಪೆರಾಂಟೋದಲ್ಲಿ ಬರೆದರು, ಎಲ್ಲ ದೇಶದವರೂ ಬಳಸಲಿ ಅಂತ ಕಟ್ಟಿದ ಭಾಷೆ ಅದು. ಹೊರಗಿನವರು ಹೆಚ್ಚಾಗಿ ಗಮನಿಸಲೇ ಇಲ್ಲ. ಓದಿ ಮನಸ್ಸಿಗೆ ನೋವಾಯಿತು. ಅಷ್ಟು ಆಸೆಯಿಂದ ಬರೆದಿದ್ದರಲ್ಲ.

ತಂಗಿಗೆ ಹೇಳಿದೆ, ಬರುವಾಗ ಓಡಾಡುವ ದಾರಿ ಪಕ್ಕದ ಸೀಟು ತಗೋ, ಕಾಲು ಜೋಮು ಹಿಡಿಯುತ್ತೆ ಅಂತ.